ಗುರಿ ಹಿಡಿಯುವ ಕೈಗೆ ಅಡ್ಡಿ ಬಂದಾಗ

ಜವಳಗೇರಾದಲ್ಲಿ ಇಪ್ಪತ್ತು ವರ್ಷದ ಒಬ್ಬ ಯುವಕನಿದ್ದಾನೆ ಎಂದುಕೊಳ್ಳಿ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ತೋರುಬೆರಳು ಮತ್ತು ನಡುಬೆರಳು ಹೋಗಿವೆ. ಗಾಯ ಮಾಯ್ದು ವರ್ಷವಾಗಿದೆ. ಸಿಂಧನೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಹುಟ್ಟಿದ್ದ ಗುರಿ ಹೊಡೆಯುವ ಆಸೆ ಮಾತ್ರ ಹೋಗಿಲ್ಲ. ಏರ್ ಪಿಸ್ತೂಲು ಕಲಿಯಬೇಕು ಎನ್ನುತ್ತಾನೆ. ‘ಬೆರಳೇ ಇಲ್ಲ, ಇನ್ನ ಪಿಸ್ತೂಲ್ ಹಿಡಿದು ಏನ್ ಮಾಡ್ತಿ? ಅದು ನಿನ್ನ ಕೈಲಿ ಆಗಂಗಿಲ್ಲ ಬಿಡು’ ಎಂದು ಮನೆಯವರು ಹೇಳುತ್ತಾರೆ.

ಇವನೊಬ್ಬನೇ ಅಲ್ಲ. ಬ್ಯಾಂಕಿನ ಕಾವಲಿಗೆ ನಿಂತ ಮಾಜಿ ಸೈನಿಕರಿಗೆ ಐವತ್ತು ದಾಟಿದ ಮೇಲೆ ಭುಜ ಹಿಡಿದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಗುರಿ ಪರೀಕ್ಷೆಗೆ ಹೋಗುವ ಪೊಲೀಸರಿಗೆ ಚಾಳೀಸು ಬಂದು ನಳಿಕೆಯ ತುದಿ ಮಸುಕಾಗುತ್ತದೆ. ಪೋಲಿಯೊದಿಂದ ಕಾಲು ಸೋತ ಹುಡುಗಿಗೆ ನಿಂತು ಹೊಡೆಯಲಾಗುವುದಿಲ್ಲ. ಇವರೆಲ್ಲರ ಪ್ರಶ್ನೆ ಒಂದೇ: ದೇಹ ಮೊದಲಿನಂತಿಲ್ಲ, ಆದರೂ ಗುರಿ ಹಿಡಿಯಬಹುದೆ?

ಬಹಳ ಮಟ್ಟಿಗೆ ಹಿಡಿಯಬಹುದು. ಆದರೆ ಅದಕ್ಕೆ ಮೊದಲು ನಿಮ್ಮ ಅಡ್ಡಿ ಯಾವ ಬಗೆಯದು ಎಂದು ತಿಳಿಯಬೇಕು. ಕೆಲವು ಅಡ್ಡಿಗಳು ಚಿಕಿತ್ಸೆಯಿಂದ ಹೋಗುತ್ತವೆ. ಕೆಲವು ಹೋಗುವುದಿಲ್ಲ, ಆದರೆ ಹೊಡೆಯುವ ಕ್ರಮವನ್ನು ಬದಲಿಸಿಕೊಂಡು ಅವುಗಳನ್ನು ದಾಟಬಹುದು. ಇನ್ನು ಕೆಲವು ಇದ್ದಾಗ ಪಿಸ್ತೂಲನ್ನು ಕೆಳಗಿಡುವುದೇ ಸರಿ. ಈ ಮೂರನ್ನು ಬೇರೆ ಬೇರೆಯಾಗಿ ನೋಡದೆ ಹೋದಾಗಲೇ ತೊಂದರೆ. ವಾಸಿಯಾಗುವ ಕಾಯಿಲೆಯನ್ನು ಹಣೆಬರಹವೆಂದು ಬಿಟ್ಟವರಿದ್ದಾರೆ. ಹಾಗೆಯೇ, ಬಿಡಬೇಕಾದಲ್ಲಿ ಹಟ ಹಿಡಿದು ಅಪಾಯ ತಂದುಕೊಂಡವರೂ ಇದ್ದಾರೆ.

ಬೆಂಗಳೂರಿನ ಪ್ರಕಾಶ್ ಅವರಿಗೆ ಆದದ್ದು

ಬೆಂಗಳೂರಿನ ಪಿಸ್ತೂಲು ಗುರಿಕಾರ ಪ್ರಕಾಶ್ ನಂಜಪ್ಪ 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್‌ವಾನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲಿನ ಕಂಚಿನ ಪದಕ ಗೆದ್ದರು. ಅದೇ ವರ್ಷ ಸ್ಪೇನಿನ ಗ್ರಾನಡಾ ವಿಶ್ವಕಪ್‌ಗೆ ಹೋದಾಗ ಅವರ ಮುಖದ ಒಂದು ಪಾರ್ಶ್ವ ಚಲನೆ ಕಳೆದುಕೊಂಡಿತು. ವೈದ್ಯರು ಇದನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ನಮ್ಮ ರಾಯಚೂರು ಸೀಮೆಯಲ್ಲಾದರೆ ‘ಮುಖಕ್ಕೆ ಲಕ್ವ ಹೊಡೆಯಿತು’ ಎನ್ನುತ್ತಿದ್ದರು. ಪ್ರಕಾಶ್ ಚೇತರಿಸಿಕೊಂಡರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು.

ಮುಖದ ಸ್ನಾಯುಗಳನ್ನು ನಡೆಸುವ ಏಳನೆಯ ಕಪಾಲ ನರ ಊದಿಕೊಂಡಾಗ ಆ ಕಡೆಯ ಬಾಯಿ ಸೊಟ್ಟಗಾಗುತ್ತದೆ, ಹಣೆಯಲ್ಲಿ ಗೆರೆ ಮೂಡುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಮುಚ್ಚದ ಕಣ್ಣು ಒಣಗಿ ಉರಿಯುತ್ತದೆ, ನೀರು ಸುರಿಸುತ್ತದೆ. ಗುರಿಕಾರನಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೇನಿದೆ? ಆದರೆ ಇದು ಮೊದಲ ಬಗೆಯ ಅಡ್ಡಿ, ಚಿಕಿತ್ಸೆಗೆ ಬಗ್ಗುವಂಥದು. ಲಕ್ಷಣ ಕಂಡ ಮೂರು ದಿನದೊಳಗೆ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದರೆ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ಪೂರ್ತಿ ಗುಣವಾಗುತ್ತಾರೆ. ಅಲ್ಲಿಯವರೆಗೆ ಕಣ್ಣಿಗೆ ಹನಿ ಹಾಕಬೇಕು, ರಾತ್ರಿ ರೆಪ್ಪೆಯನ್ನು ಅಂಟುಪಟ್ಟಿಯಿಂದ ಮುಚ್ಚಬೇಕು. ನಾಟಿ ಔಷಧಿ, ತೈಲ ಎಂದು ಊರೂರು ಅಲೆಯುವುದರಲ್ಲಿ ಆ ಮೂರು ದಿನ ಕಳೆದುಹೋಗುವುದೇ ನಮ್ಮಲ್ಲಿ ಹೆಚ್ಚು.

ಇನ್ನೊಂದು ಎಚ್ಚರಿಕೆ. ಮುಖದ ಜೊತೆಗೆ ಕೈಕಾಲಿನ ಶಕ್ತಿ ಕುಂದಿದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಿದ್ದೂ ಹಣೆಯ ಗೆರೆ ಸರಿಯಿದ್ದರೆ ಅದು ಮಿದುಳಿನ ಪಾರ್ಶ್ವವಾಯು ಇರಬಹುದು. ಆಗ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ ಇದೆ. ಯಾವುದು ಎಂದು ನೀವೇ ತೀರ್ಮಾನಿಸುತ್ತ ಕೂರದೆ 108ಕ್ಕೆ ಕರೆ ಮಾಡಿ.

ನಡುಗುವ ಕೈ

‘ಕೈ ನಡುಗುತ್ತದೆ, ಆದ್ದರಿಂದ ಗುರಿ ಆಗುವುದಿಲ್ಲ’ ಎಂಬುದು ಸಾಮಾನ್ಯ ನಂಬಿಕೆ. ಸತ್ಯವೇನೆಂದರೆ ಎಲ್ಲರ ಕೈಯೂ ನಡುಗುತ್ತದೆ. ಆರೋಗ್ಯವಂತನ ಚಾಚಿದ ಕೈ ಕೂಡ ಸೆಕೆಂಡಿಗೆ ಎಂಟರಿಂದ ಹನ್ನೆರಡು ಬಾರಿ ಕಣ್ಣಿಗೆ ಕಾಣದಷ್ಟು ಕಂಪಿಸುತ್ತಿರುತ್ತದೆ. ಒಲಿಂಪಿಕ್ ವಿಜೇತನ ಕೈಯೂ ಇದಕ್ಕೆ ಹೊರತಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ಏರ್ ಪಿಸ್ತೂಲಿನ ಗುರಿಹಲಗೆ ಹತ್ತು ಮೀಟರ್ ದೂರದಲ್ಲಿರುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ. ಪಿಸ್ತೂಲಿನ ಹಿಂಬದಿಯಲ್ಲಿ ಒಂದು ಕಚ್ಚು, ನಳಿಕೆಯ ತುದಿಯಲ್ಲಿ ಒಂದು ಮೊನೆ ಇರುತ್ತವೆ. ಇವೆರಡರ ನಡುವಿನ ಅಂತರ ಸುಮಾರು 35 ಸೆಂ.ಮೀ. ಇಡೀ ಕೈ ನೇರವಾಗಿಯೇ ಐದು ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ ಐದು ಮಿ.ಮೀ. ಮಾತ್ರ ಸರಿಯುತ್ತದೆ. ಆದರೆ ಮಣಿಕಟ್ಟು ಬಾಗಿ, ಕಚ್ಚಿನ ನಡುವೆ ಇರಬೇಕಾದ ಮೊನೆ ಒಂದೇ ಮಿ.ಮೀ. ಪಕ್ಕಕ್ಕೆ ಹೋದರೆ ಗುಂಡು ಹತ್ತಿರ ಹತ್ತಿರ ಮೂರು ಸೆಂ.ಮೀ. ದೂರ ಬೀಳುತ್ತದೆ.

ಇದರಿಂದ ತಿಳಿಯುವುದಿಷ್ಟು. ತೋಳು ತೂಗಾಡುವುದರಿಂದ ಆಗುವ ನಷ್ಟ ಕಡಿಮೆ. ಮಣಿಕಟ್ಟು ಮುರಿಯುವುದರಿಂದ, ಕುದುರೆಯನ್ನು ಥಟ್ಟನೆ ಎಳೆಯುವುದರಿಂದ ಆಗುವ ನಷ್ಟ ಹೆಚ್ಚು. ನಡುಕವಿರುವವರು ಕೈಯನ್ನು ಕಲ್ಲಿನಂತೆ ನಿಲ್ಲಿಸಲು ಹೊರಟು ಬಿಗಿ ಹಿಡಿಯುತ್ತಾರೆ. ಬಿಗಿ ಹಿಡಿದಷ್ಟೂ ನಡುಕ ಹೆಚ್ಚುತ್ತದೆ. ಅದರ ಬದಲು ತೂಗಾಟವನ್ನು ಒಪ್ಪಿಕೊಂಡು, ಮೊನೆ ಕಚ್ಚಿನ ನಡುವೆ ಇರುವಂತೆ ನೋಡಿಕೊಂಡು, ಕುದುರೆಯನ್ನು ನಿಧಾನವಾಗಿ ಒತ್ತುತ್ತ ಹೋಗಬೇಕು. ಹತ್ತು ಸೆಕೆಂಡಿನೊಳಗೆ ಗುಂಡು ಹೊರಡದಿದ್ದರೆ ಕೈ ಕೆಳಗಿಳಿಸಿ, ಉಸಿರಾಡಿ, ಮತ್ತೆ ಎತ್ತಬೇಕು. ಸ್ಪರ್ಧೆಯಲ್ಲಿ 60 ಗುಂಡುಗಳಿಗೆ 75 ನಿಮಿಷ ಕೊಡುತ್ತಾರೆ. ಅವಸರ ಬೇಕಿಲ್ಲ.

ನಡುಕ ಇದ್ದಕ್ಕಿದ್ದಂತೆ ಹೆಚ್ಚಿದರೆ ಮಾತ್ರ ಕಾರಣ ಹುಡುಕಿ. ಖಾಲಿ ಹೊಟ್ಟೆಯ ಚಹಾ, ಗುಟ್ಕಾ, ಬೀಡಿ, ನಿದ್ದೆಗೇಡು ನಡುಕ ಹೆಚ್ಚಿಸುತ್ತವೆ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತದಲ್ಲಿ ಸಕ್ಕರೆ ಇಳಿಯುವುದು, ಉಬ್ಬಸಕ್ಕೆ ಬಳಸುವ ಸಾಲ್ಬುಟಮಾಲ್ ಕೂಡ ಕಾರಣವಾಗಬಹುದು. ಕೈ ಸುಮ್ಮನಿದ್ದಾಗಲೇ ನಡುಗಿ, ಕೆಲಸ ಮಾಡುವಾಗ ಕಡಿಮೆಯಾದರೆ ಪಾರ್ಕಿನ್ಸನ್ ಕಾಯಿಲೆಯನ್ನು ವೈದ್ಯರು ಪರಿಶೀಲಿಸುತ್ತಾರೆ. ಲೋಟ ಎತ್ತುವಾಗ, ಸಹಿ ಮಾಡುವಾಗ ನಡುಗಿದರೆ ಅದು ಬೇರೆ ಬಗೆಯದು; ಹಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುವಂಥದು.

ಇಂಥ ನಡುಕಕ್ಕೆ ಪ್ರೊಪ್ರನೊಲಾಲ್ ಎಂಬ ಮಾತ್ರೆ ಕೊಡುವುದುಂಟು. ಸ್ಪರ್ಧೆಗೆ ಹೋಗುವವರು ನೆನಪಿಡಿ: ಗುರಿ ಹೊಡೆಯುವ ಕ್ರೀಡೆಯಲ್ಲಿ ಇದು ನಿಷಿದ್ಧ ಔಷಧಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಪಿಸ್ತೂಲಿನಲ್ಲಿ ಗೆದ್ದ ಎರಡು ಪದಕಗಳನ್ನು ಇದೇ ಕಾರಣಕ್ಕೆ ಕಳೆದುಕೊಂಡರು. ಹಾಗೆಂದು ರಕ್ತದೊತ್ತಡಕ್ಕೋ ಹೃದಯಕ್ಕೋ ಈ ವರ್ಗದ ಮಾತ್ರೆ ನುಂಗುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು. ವೈದ್ಯರನ್ನು ಕೇಳಿ, ಬದಲಿ ಔಷಧಿ ಸಾಧ್ಯವೇ ಎಂದು ತಿಳಿಯಿರಿ.

ಚಾಳೀಸಿನ ಕಣ್ಣು

ನಲವತ್ತು ದಾಟಿದ ಕಣ್ಣು ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯಲಾರದು. ಪಿಸ್ತೂಲಿನಲ್ಲಿ ಸ್ಪಷ್ಟವಾಗಿ ಕಾಣಬೇಕಾದದ್ದು ದೂರದ ಹಲಗೆಯಲ್ಲ, ತೋಳಿನಳತೆಯಲ್ಲಿರುವ ಮೊನೆ. ಓದುವ ಕನ್ನಡಕ ಹಾಕಿದರೆ ಅದು ಇನ್ನೂ ಹತ್ತಿರಕ್ಕೆ ಹೊಂದಿಸಿದ್ದು, ಪ್ರಯೋಜನವಿಲ್ಲ. ಎರಡು ಭಾಗದ ಕನ್ನಡಕ ಹಾಕಿದವರು ತಲೆ ಹಿಂದಕ್ಕೆ ಬಾಗಿಸಿ ನೋಡಿ ಕತ್ತು ನೋವು ತಂದುಕೊಳ್ಳುತ್ತಾರೆ.

ಇದಕ್ಕೆ ಪರಿಹಾರ ಸುಲಭ. ತೋಳು ಚಾಚಿದಾಗ ಕಣ್ಣಿನಿಂದ ಮೊನೆಯವರೆಗಿನ ದೂರವನ್ನು ಮನೆಯಲ್ಲೇ ಟೇಪಿನಿಂದ ಅಳೆದುಕೊಂಡು ಹೋಗಿ, ಆ ದೂರಕ್ಕೆ ಹೊಂದುವ ಒಂದೇ ಭಾಗದ ಮಸೂರ ಬೇಕೆಂದು ಕಣ್ಣಿನ ವೈದ್ಯರಿಗೆ ಹೇಳಿ. ನಿಮ್ಮ ದೂರದೃಷ್ಟಿಯ ನಂಬರಿಗೆ ಅರ್ಧದಿಂದ ಮುಕ್ಕಾಲು ಪ್ಲಸ್ ಸೇರಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಹಲಗೆ ಸ್ವಲ್ಪ ಮಸುಕಾಗಿ ಕಾಣುತ್ತದೆ, ಕಾಣಲಿ. ಪೊರೆ ಬಂದಿದ್ದರೆ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟಿದ್ದರೆ ಮಸೂರದಿಂದ ಆಗುವುದೇನಿಲ್ಲ. ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ಭುಜ ಮತ್ತು ಮಣಿಕಟ್ಟು

ಸ್ಪರ್ಧೆಯ ಏರ್ ಪಿಸ್ತೂಲು ಒಂದೂವರೆ ಕಿಲೊ ಮೀರುವಂತಿಲ್ಲ. ಹೆಚ್ಚಿನವು ಒಂದು ಕಿಲೊ ಆಸುಪಾಸಿನಲ್ಲಿವೆ. ಒಂದು ಲೀಟರಿನ ನೀರಿನ ಬಾಟಲಿಯನ್ನು ತೋಳು ಚಾಚಿ ಹಿಡಿದು ನೋಡಿ, ಭುಜಕ್ಕೆ ಬೀಳುವ ಹೊರೆ ಎಷ್ಟೆಂದು ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಹಿಡಿದುಕೊಳ್ಳುವುದು ಇತರರಿಗಿಂತ ಹೆಚ್ಚು. ನೋವಿದ್ದಾಗ ಕೈಯನ್ನು ಅಲ್ಲಾಡಿಸದೆ ಇಟ್ಟರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಮೇಲೆ ಮೇಲೆ ನಡೆಸುವುದು, ಇವು ದಿನಕ್ಕೆ ಎರಡು ಹೊತ್ತು ಮಾಡಬಹುದಾದ ವ್ಯಾಯಾಮಗಳು. ಪೂರ್ತಿ ಸಡಿಲವಾಗಲು ಒಂದೆರಡು ವರ್ಷವೂ ಹಿಡಿಯಬಹುದು.

ಅಷ್ಟರವರೆಗೆ ಕ್ರಮ ಬದಲಿಸಿಕೊಳ್ಳಿ. ಭುಜ ಪಕ್ಕಕ್ಕೆ ತಿರುಗದಿದ್ದರೆ ಪಾದಗಳನ್ನು ತಿರುಗಿಸಿ. ಕಣ್ಣು ಮುಚ್ಚಿ ತೋಳನ್ನು ಆರಾಮವಾಗಿ ಎತ್ತಿ, ಕಣ್ಣು ಬಿಟ್ಟು ನೋಡಿ. ಪಿಸ್ತೂಲು ಹಲಗೆಯ ಬಲಕ್ಕೆ ನೋಡುತ್ತಿದ್ದರೆ ತೋಳನ್ನು ಎಳೆಯಬೇಡಿ, ಪಾದ ಸರಿಸಿ. ದೇಹ ತಾನಾಗಿಯೇ ನೋಡುವ ದಿಕ್ಕಿಗೆ ಹಲಗೆ ಬರುವಂತೆ ನಿಂತರೆ ಭುಜದ ಶ್ರಮ ಅರ್ಧಕ್ಕಿಳಿದಂತೆ ಅನ್ನಿಸುತ್ತದೆ.

ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಅದುಮುತ್ತಿರಬಹುದು. ಮಲಗುವಾಗ ಮಣಿಕಟ್ಟಿಗೆ ಪಟ್ಟಿ ಕಟ್ಟುವುದರಿಂದ ಹಲವರಿಗೆ ಗುಣ ಕಾಣುತ್ತದೆ. ಕಾಣದಿದ್ದರೆ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಹೆಬ್ಬೆರಳಿನ ಬುಡದ ಕೀಲು ನೋಯುವವರು ಹೆಬ್ಬೆರಳಿನಿಂದ ಒತ್ತುವುದನ್ನು ಬಿಡಬೇಕು. ಪಿಸ್ತೂಲನ್ನು ಹಿಡಿಯುವ ಕೆಲಸ ಮುಖ್ಯವಾಗಿ ನಡುಬೆರಳು ಮತ್ತು ಉಂಗುರ ಬೆರಳಿನದು. ಹೆಬ್ಬೆರಳು ಸುಮ್ಮನೆ ಒರಗಿರಬೇಕು, ತೋರುಬೆರಳು ಕುದುರೆಯನ್ನಷ್ಟೇ ನೋಡಿಕೊಳ್ಳಬೇಕು. ಹಿಡಿಯ ಮರವನ್ನು ನಿಮ್ಮ ಅಂಗೈಗೆ ತಕ್ಕಂತೆ ಉಜ್ಜಿ, ಮರದ ಪುಟ್ಟಿ ತುಂಬಿ ಹೊಂದಿಸಿಕೊಳ್ಳಬಹುದು. ಆದರೆ ಮಣಿಕಟ್ಟಿಗೆ ಆಧಾರ ಕೊಡುವಂತೆ ಮಾಡಿದರೆ ಸ್ಪರ್ಧೆಯಲ್ಲಿ ಒಪ್ಪುವುದಿಲ್ಲ.

ಕೈ ಬದಲಿಸುವುದು

ಈಗ ಜವಳಗೇರಾದ ನಮ್ಮ ಯುವಕನ ವಿಷಯ. ಕುದುರೆ ಒತ್ತುವ ಬೆರಳೂ ಹೋಗಿದೆ, ಹಿಡಿಯುವ ಮುಖ್ಯ ಬೆರಳೂ ಹೋಗಿದೆ. ಉಳಿದ ಬೆರಳುಗಳಿಂದ ಹೇಗೋ ಹಿಡಿದು ಹೊಡೆಯುತ್ತೇನೆಂದರೆ ಪಿಸ್ತೂಲು ಜಾರುವ ಅಪಾಯವಿದೆ. ಅವನು ಎಡಗೈಗೆ ಬರುವುದೇ ಒಳ್ಳೆಯದು. ಪಿಸ್ತೂಲು ಸ್ಪರ್ಧೆಯ ನಿಯಮವೇ ಅವನ ಪರವಾಗಿದೆ: ಒಂದೇ ಕೈಯಲ್ಲಿ ಹೊಡೆಯಬೇಕು, ಇನ್ನೊಂದು ಕೈಗೆ ಅಲ್ಲಿ ಕೆಲಸವಿಲ್ಲ. ಎರಡೂ ಕೈ ಸರಿಯಿರುವವನೂ ಅಲ್ಲಿ ಒಂದು ಕೈಯವನೇ.

ಹಂಗೇರಿಯ ಸೈನಿಕ ಕಾರೋಯ್ ಟಾಕಾಚ್ ಇದನ್ನು ಜಗತ್ತಿಗೇ ತೋರಿಸಿಕೊಟ್ಟರು. 1938ರಲ್ಲಿ ಗ್ರೆನೇಡ್ ಸಿಡಿದು ಅವರ ಬಲಗೈ ನಾಶವಾಯಿತು. ಎಡಗೈಯಲ್ಲಿ ಅಭ್ಯಾಸ ಮಾಡಿ ಮರುವರ್ಷವೇ ತಮ್ಮ ದೇಶದ ಚಾಂಪಿಯನ್ ಆದರು. ಯುದ್ಧದಿಂದಾಗಿ ಎರಡು ಒಲಿಂಪಿಕ್ಸ್ ನಡೆಯಲಿಲ್ಲ. 1948ರಲ್ಲಿ ಲಂಡನ್ನಿನಲ್ಲಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಕ್ಷಿಪ್ರಗತಿಯ ಪಿಸ್ತೂಲು ಸ್ಪರ್ಧೆಯ ಚಿನ್ನ ಗೆದ್ದರು. ನಮ್ಮವರೇ ಆದ ಹರಿಯಾಣದ ಮನೀಶ್ ನರ್ವಾಲ್ ಅವರಿಗೆ ಹುಟ್ಟಿನಿಂದಲೇ ಬಲಗೈಯ ದೋಷ. ಎಡಗೈಯಲ್ಲಿ ಹೊಡೆದು, 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಐವತ್ತು ಮೀಟರ್ ಪಿಸ್ತೂಲಿನ ಚಿನ್ನ, 2024ರಲ್ಲಿ ಪ್ಯಾರಿಸ್‌ನಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಪಡೆದರು.

ಹೊಸ ಕೈಗೆ ಕಲಿಸುವುದೆಂದರೆ ಮಿದುಳಿಗೆ ಕಲಿಸುವುದು. ಅದು ದಿನಾ ಸ್ವಲ್ಪ ಸ್ವಲ್ಪವೇ ಕಲಿಯುತ್ತದೆ. ಭಾನುವಾರ ಮೂರು ಗಂಟೆ ಹೊಡೆಯುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷದ ಅಭ್ಯಾಸ ಮೇಲು. ಊಟದ ಕೈ ಬದಲಿಸಬೇಕೆಂದಿಲ್ಲ. ಬೀಗ ತೆಗೆಯುವುದು, ಹಲ್ಲುಜ್ಜುವುದು, ಬರೆಯುವುದು ಎಡಗೈಯಲ್ಲಿ ಆಗಲಿ. ತರಬೇತುದಾರರ ಮುಂದೆ, ಗುಂಡು ತುಂಬದ ಪಿಸ್ತೂಲಿನಲ್ಲಿ ಬಿಳಿ ಗೋಡೆಗೆ ಹಿಡಿದು ಕುದುರೆ ಒತ್ತುವ ಅಭ್ಯಾಸ ಮೊದಲ ತಿಂಗಳುಗಳಲ್ಲಿ ಬಹಳ ಉಪಯುಕ್ತ.

ಎಡಗೈಗೆ ಬಂದವರು ಕಣ್ಣನ್ನೂ ಪರೀಕ್ಷಿಸಿಕೊಳ್ಳಬೇಕು. ಎರಡೂ ಕೈ ಚಾಚಿ ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ದೀಪವನ್ನು ಆ ಕಿಂಡಿಯಲ್ಲಿ ನೋಡಿ. ಬಳಿಕ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ದೀಪ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಂದಾಳು ಕಣ್ಣು. ಅದು ಬಲಗಣ್ಣಾಗಿದ್ದು, ಎಡಗೈಯಲ್ಲಿ ಹೊಡೆಯುವುದಾದರೆ ತಲೆಯನ್ನು ತುಸು ತಿರುಗಿಸಿ ಬಲಗಣ್ಣಿನಿಂದಲೇ ಗುರಿ ನೋಡಬಹುದು. ಇಲ್ಲವೇ ಬಲಗಣ್ಣಿನ ಮುಂದೆ ಮೂರು ಸೆಂ.ಮೀ. ಅಗಲದ ಸಣ್ಣ ಮರೆ ಇಟ್ಟು ಎಡಗಣ್ಣಿಗೆ ಕಲಿಸಬಹುದು. ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಹೊಡೆಯಬೇಡಿ, ಗುರಿ ನೋಡುವ ಕಣ್ಣೂ ದಣಿಯುತ್ತದೆ.

ಕಾಲು, ಬೆನ್ನುಹುರಿಯ ತೊಂದರೆ

ಪೋಲಿಯೊ, ಅಪಘಾತ, ಬೆನ್ನುಹುರಿಯ ಗಾಯದಿಂದ ನಿಲ್ಲಲಾಗದವರು ಕುರ್ಚಿಯಲ್ಲಿ ಕೂತು ಹೊಡೆಯಲು ಪ್ಯಾರಾ ಸ್ಪರ್ಧೆಗಳಲ್ಲಿ ಅವಕಾಶವಿದೆ. ಪೋಲಿಯೊದಿಂದ ಕಾಲು ಸೋತ ಸಿಂಗ್‌ರಾಜ್ ಅಧಾನ ಟೋಕಿಯೊದಲ್ಲಿ ಪಿಸ್ತೂಲಿನ ಎರಡು ಪದಕ ತಂದರು. ಆಯುಧದ ಭಾರ ತಾವೇ ಹೊರಬಲ್ಲವರನ್ನು ಎಸ್‌ಎಚ್-1 ವರ್ಗಕ್ಕೆ ಸೇರಿಸುತ್ತಾರೆ. ತೋಳಿಗೇ ಆ ಶಕ್ತಿ ಇಲ್ಲದವರಿಗೆ ಎಸ್‌ಎಚ್-2 ವರ್ಗವಿದೆ. ಅಲ್ಲಿ ಪಿಸ್ತೂಲಿಲ್ಲ, ರೈಫಲ್ಲನ್ನು ಸ್ಪ್ರಿಂಗ್ ಇರುವ ಆಧಾರಕೋಲಿನ ಮೇಲಿಟ್ಟು ಹೊಡೆಯುತ್ತಾರೆ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ಈ ವರ್ಗದಲ್ಲಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ವರೆಗೆ ಹೋದವರು. ಪಿಸ್ತೂಲು ಆಗದಿದ್ದರೆ ದಾರಿ ಮುಗಿಯಿತು ಎಂದಲ್ಲ.

ಕೂತು ಹೊಡೆಯುವವರಲ್ಲಿ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇಲ್ಲದವರು ಒಂದು ಗಂಟೆ ಅಲುಗಾಡದೆ ಕೂತರೆ ಒತ್ತುಹುಣ್ಣು ಆಗುತ್ತದೆ. ಮೆತ್ತನೆಯ ದಿಂಬು ಇರಲಿ. ಹದಿನೈದು ನಿಮಿಷಕ್ಕೊಮ್ಮೆ ಕೈಯೂರಿ ದೇಹ ಎತ್ತಿ, ಇಲ್ಲವೆ ಪಕ್ಕಕ್ಕೆ ವಾಲಿ. ಪ್ರತಿದಿನ ಚರ್ಮವನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಸಿಂಧನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ ಆರಂಭಿಸಬಹುದು. ಆದರೆ ಆ ಪತ್ರದಲ್ಲಿರುವ ಶೇಕಡಾವಾರು ಲೆಕ್ಕವೊಂದರಿಂದಲೇ ಪ್ಯಾರಾ ಸ್ಪರ್ಧೆಗೆ ಪ್ರವೇಶ ಸಿಗುವುದಿಲ್ಲ. ಕ್ರೀಡೆಯ ವರ್ಗೀಕರಣ ತಜ್ಞರು ಬೇರೆಯಾಗಿ ಪರೀಕ್ಷಿಸುತ್ತಾರೆ. ನಮ್ಮ ಯುವಕನಂತೆ ಎರಡು ಬೆರಳು ಮಾತ್ರ ಕಳೆದುಕೊಂಡವರಿಗೆ ಆ ವರ್ಗ ಸಿಗದೆಯೂ ಹೋಗಬಹುದು. ಆಗ ಸಾಮಾನ್ಯ ಸ್ಪರ್ಧೆಯ ಬಾಗಿಲು ತೆರೆದೇ ಇರುತ್ತದೆ.

ಯಾವಾಗ ಕೆಳಗಿಡಬೇಕು?

ಇದು ಎಲ್ಲಕ್ಕಿಂತ ಮುಖ್ಯ. ಕುದುರೆಯ ಮೇಲಿರುವ ಬೆರಳಿಗೆ ಸ್ಪರ್ಶವೇ ತಿಳಿಯದಿದ್ದರೆ ಆ ಕೈಯಲ್ಲಿ ಪಿಸ್ತೂಲು ಬೇಡ. ಕುಷ್ಠದಿಂದ, ಸಕ್ಕರೆ ಕಾಯಿಲೆಯಿಂದ, ನರದ ಗಾಯದಿಂದ ಹೀಗಾಗಬಹುದು. ಕಣ್ಣು ಮುಚ್ಚಿಸಿ ಬೆರಳ ತುದಿಗೆ ಹತ್ತಿಯ ಎಳೆ ತಾಗಿಸಿ ನೋಡಿದರೆ ಗೊತ್ತಾಗುತ್ತದೆ. ಹತೋಟಿಗೆ ಬಾರದ ಮೂರ್ಛೆರೋಗ, ಇನ್ಸುಲಿನ್ ತೆಗೆದುಕೊಳ್ಳುವಾಗ ಮೇಲಿಂದ ಮೇಲೆ ಸಕ್ಕರೆ ಇಳಿದು ಮಂಕು ಕವಿಯುವುದು, ತಲೆಸುತ್ತು, ಕುಡಿತ, ಇವು ಇದ್ದಾಗಲೂ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕಿನ ಪರವಾನಗಿಗೆ ವೈದ್ಯರ ಪ್ರಮಾಣಪತ್ರ ಕೇಳುವುದು ಸುಮ್ಮನೆ ಅಲ್ಲ.

ಕೈ, ಕಾಲು ಕಳೆದುಕೊಂಡ ಹೊಸತರಲ್ಲಿ ಮನಸ್ಸೂ ಕುಸಿಯುತ್ತದೆ. ಮಾತು ಕಡಿಮೆಯಾಗುವುದು, ನಿದ್ದೆ ಬಾರದಿರುವುದು, ‘ನಾನಿದ್ದು ಏನು ಪ್ರಯೋಜನ’ ಎನ್ನುವುದು ಕಂಡರೆ ಮನೆಯವರು ಎಚ್ಚೆತ್ತುಕೊಳ್ಳಬೇಕು. ಮನೆಯಲ್ಲಿ ಬೆಳೆ ಕಾಯುವ ಬಂದೂಕಿದ್ದರೆ, ಕೀಟನಾಶಕವಿದ್ದರೆ ಎರಡನ್ನೂ ಅವರ ಕೈಗೆ ಸಿಗದಂತೆ ಮಾಡಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನಸ್ಸು ಸರಿಹೋದ ಮೇಲೆ ಕ್ರೀಡೆ.

ಕಲಿಯುವವರು ಕೆಲವು ಮಾತು ನೆನಪಿಡಿ. ತರಬೇತುದಾರರಿಲ್ಲದೆ ಆರಂಭಿಸಬೇಡಿ. ಏರ್ ಪಿಸ್ತೂಲು ಆಟಿಕೆಯಲ್ಲ, ಅದರ ಗುಂಡಿನಿಂದ ಕಣ್ಣು ಹೋಗಬಹುದು; ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಗುಂಡುಗಳು ಸೀಸದವು, ಬಾಯಲ್ಲಿ ಇಟ್ಟುಕೊಳ್ಳಬೇಡಿ, ಅಭ್ಯಾಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಊಟ ಮಾಡಿ. ನೋವಿದ್ದ ದಿನ ಅಭ್ಯಾಸ ನಿಲ್ಲಿಸಿ.

ಪುಸ್ತಕದಲ್ಲಿ ಬರೆದ ನಿಲುವು, ಹಿಡಿತ ಎಲ್ಲವೂ ಎಲ್ಲ ಅಂಗಗಳೂ ಸರಿಯಿರುವವರನ್ನು ನೋಡಿ ಬರೆದದ್ದು. ಅದಕ್ಕೆ ನಿಮ್ಮ ದೇಹವನ್ನು ಬಗ್ಗಿಸಲು ಹೋಗಿ ಸೋಲಬೇಡಿ. ನಿಮ್ಮ ದೇಹಕ್ಕೆ ತಕ್ಕಂತೆ ಕ್ರಮವನ್ನು ಬಗ್ಗಿಸಿಕೊಳ್ಳಿ. ಬೆರಳಿಲ್ಲ ಎಂದು ಮಗನನ್ನು ಕೂರಿಸುವ ಮೊದಲು, ಇನ್ನೊಂದು ಕೈ ಇದೆಯಲ್ಲ ಎಂದು ಮನೆಯವರು ಯೋಚಿಸಲಿ.